ಖಾಲಿ ಸಾಕೆಟ್ಟಿನ ಕತೆ

ಹಳೆಯ ವಾಲ್ವ್ ರೇಡಿಯೊದಲ್ಲಿ ಕಾಣೆಯಾದ ಬಿಡಿಭಾಗವನ್ನು ಹುಡುಕಿ ಹೊರಡುವ ಮುನ್ನ ಅದು ಕಾಣೆಯಾದದ್ದೇಕೆ ಎಂದು ತಿಳಿಯಬೇಕು. ಈ ಕಸುಬಿನ ಮೊದಲ ಪಾಠವೇ ಅದು.

ಅಜ್ಜನ ಮನೆಯ ಅಟ್ಟದಿಂದ ಇಳಿಸಿದ ರೇಡಿಯೊವನ್ನು ಮೈಸೂರಿನ ಹಳೇ ರಿಪೇರಿ ಅಂಗಡಿಯೊಂದರ ಮೇಜಿನ ಮೇಲಿಟ್ಟೆ. ಒಂದು ನಾಬ್ ಇರಲಿಲ್ಲ. ಹಿಂಬದಿಯ ರಟ್ಟು ಇರಲಿಲ್ಲ. ಡಯಲ್ಲಿನ ಮುಳ್ಳು ಗಾಜಿನ ತಳದಲ್ಲಿ ಅಡ್ಡ ಬಿದ್ದಿತ್ತು. ಐದು ವಾಲ್ವ್ ಇರಬೇಕಾದಲ್ಲಿ ನಾಲ್ಕೇ ಇದ್ದವು. ಅಜ್ಜಿ ಕ್ರೋಶಾ ಹೆಣೆದಿದ್ದ ಹೊದಿಕೆಯನ್ನು ಮಾತ್ರ ಅದೇಕೋ ಇಲಿ ಮುಟ್ಟಿರಲಿಲ್ಲ.

“ಪ್ಲಗ್ ಹಾಕಿ ನೋಡಿದ್ರಾ?” ಎಂದರು ಎಪ್ಪತ್ತು ದಾಟಿದ ಯಜಮಾನರು.

“ಇಲ್ಲ ಸಾರ್.”

“ಸದ್ಯ! ಅರ್ಧ ಕೆಲಸ ಉಳಿಸಿದ್ರಿ.”

ಹಳೇ ರೇಡಿಯೊ ಸಿಕ್ಕವರೆಲ್ಲ ಮಾಡುವ ಮೊದಲ ತಪ್ಪು ಪ್ಲಗ್ ಹಾಕಿಬಿಡುವುದು. ದಶಕಗಟ್ಟಲೆ ಕರೆಂಟು ಕಾಣದ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್‌ಗಳು ಒಳಗೇ ಒಣಗಿರುತ್ತವೆ. ಒಮ್ಮೆಲೇ 230 ವೋಲ್ಟ್ ಹರಿದರೆ ಅವು ಸಿಡಿಯಬಹುದು, ಜೊತೆಗೆ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಹಾಕಬಹುದು. ಅದಕ್ಕಾಗಿ ಇಲ್ಲಿ ‘ಸೀರೀಸ್ ಬೋರ್ಡ್’ ಇದೆ. ಹಳೇ ಕಾಲದ, ತಂತಿ ಉರಿಯುವ 100 ವ್ಯಾಟ್ ಬಲ್ಬೊಂದನ್ನು ದಾಟಿಯೇ ಕರೆಂಟು ರೇಡಿಯೊಗೆ ಹೋಗಬೇಕು. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಧಗ್ಗನೆ ಉರಿಯುತ್ತದೆ, ರೇಡಿಯೊ ಬದುಕುತ್ತದೆ. ಎಲ್‌ಇಡಿ ಬಲ್ಬು ಈ ಕಾವಲಿಗೆ ಬಾರದು.

ಅಕ್ಷರದಲ್ಲೇ ಜಾತಕ

ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಕೊಳವೆ. ಒಳಗಿನ ತಂತಿ ಕಾದಾಗ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು ಆನೋಡಿನ ಕಡೆ ಹರಿಯುತ್ತವೆ. ನಡುವೆ ಜಾಲರಿಯಂತೆ ನಿಂತ ಗ್ರಿಡ್ ಆ ಹರಿವಿಗೆ ತೂಬಿದ್ದ ಹಾಗೆ. ಗ್ರಿಡ್ಡಿಗೆ ಬಂದ ಸಣ್ಣ ಸಂಕೇತ ಆಚೆ ಬದಿಯಲ್ಲಿ ದೊಡ್ಡದಾಗಿ ಮೂಡುತ್ತದೆ. 1904ರಲ್ಲಿ ಫ್ಲೆಮಿಂಗ್ ಮಾಡಿದ ಮೊದಲ ವಾಲ್ವಿನಲ್ಲಿ ಈ ಗ್ರಿಡ್ ಇರಲಿಲ್ಲ. ಅದನ್ನು ಸೇರಿಸಿದವರು ಅಮೆರಿಕದ ಲೀ ಡಿ ಫಾರೆಸ್ಟ್.

ಗಾಜಿನ ಮೇಲಿನ ಅಕ್ಷರಗಳನ್ನು ಯಜಮಾನರು ಜಾತಕದಂತೆ ಓದುತ್ತಾರೆ. ‘ಇ’ ಎಂದು ಶುರುವಾದರೆ ತಂತಿ ಕಾಯಲು 6.3 ವೋಲ್ಟ್ ಬೇಕು. ‘ಯು’ ಎಂದಿದ್ದರೆ ಎಲ್ಲ ವಾಲ್ವ್‌ಗಳ ತಂತಿಗಳೂ ಸರದಂತೆ ಒಂದರ ಹಿಂದೊಂದು ಸೇರಿರುತ್ತವೆ. ಒಂದು ಹೋದರೆ ಎಲ್ಲವೂ ಕತ್ತಲೆ. ಈ ‘ಯು’ ಜಾತಿಯ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಲೋಹದ ಷಾಸಿಗೇ ನೇರವಾಗಿ ಕರೆಂಟು ಬರಬಹುದು, ಮುಟ್ಟಿದರೆ ಜೀವಕ್ಕೇ ಅಪಾಯ. ನಮ್ಮದು ‘ಇ’ ಜಾತಿಯದು. ಇಸಿಎಚ್81, ಇಎಫ್89, ಇಬಿಸಿ81, ಇಜ಼ಡ್80 ತಂತಮ್ಮ ಜಾಗದಲ್ಲಿದ್ದವು. ಸ್ಪೀಕರಿಗೆ ಬಲ ಕೊಡುವ ಇಎಲ್84ರ ಸಾಕೆಟ್ ಖಾಲಿ.

ಅವುಗಳಲ್ಲಿ ಎರಡರ ಮೇಲೆ ಬಿಇಎಲ್ ಮುದ್ರೆ ಇತ್ತು. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದ ಆರಂಭದಿಂದ ರೇಡಿಯೊ ವಾಲ್ವ್ ತಯಾರಿಸುತ್ತಿತ್ತು. ಜಾಲಹಳ್ಳಿಯಲ್ಲಿ ತಯಾರಾದ ಗಾಜು ದೇಶದ ಎಷ್ಟೋ ಮನೆಗಳ ಮರ್ಫಿ, ಬುಷ್, ಫಿಲಿಪ್ಸ್ ಪೆಟ್ಟಿಗೆಗಳಲ್ಲಿ ಹೊಳೆದಿದೆ. ರಿಪೇರಿಯವರು ಈಗಲೂ ಹಳೇ ದಾಸ್ತಾನಿನಲ್ಲಿ ಆ ಮುದ್ರೆಯನ್ನು ಹುಡುಕುತ್ತಾರೆ.

ಇಎಲ್84 ಹುಡುಕುವುದು ಕಷ್ಟವಲ್ಲ. ಗಿಟಾರ್ ನುಡಿಸುವವರಿಗೆ ವಾಲ್ವ್ ಆಂಪ್ಲಿಫೈಯರಿನ ದನಿಯೇ ಬೇಕು. ಅವರ ದಯೆಯಿಂದ ರಷ್ಯಾ, ಸ್ಲೊವಾಕಿಯಾಗಳಲ್ಲಿ ಅದು ಹೊಸದಾಗಿಯೇ ತಯಾರಾಗುತ್ತಿದೆ. “ತಂದು ಹಾಕಿಬಿಡೋಣ” ಎಂದೆ. ಯಜಮಾನರು ಕೈ ಅಡ್ಡ ಹಿಡಿದರು. “ಮೊದಲನೇದು ಯಾಕೆ ಹೋಯ್ತು?”

ಸೊನ್ನೆ ಇರಬೇಕಾದಲ್ಲಿ

ಪವರ್ ಸಪ್ಲೈನ ಕಂಡೆನ್ಸರ್‌ಗಳನ್ನು ಬದಲಿಸಿ, ಸೀರೀಸ್ ಬಲ್ಬಿನ ಮೂಲಕ ಕರೆಂಟು ಕೊಟ್ಟರು. ಎಡಗೈಯನ್ನು ಜೇಬಿಗಿಳಿಸಿದರು. ಒಳಗೆ 250 ವೋಲ್ಟ್ ಡಿಸಿ ಓಡಾಡುವಾಗ ಒಂದೇ ಕೈಯಲ್ಲಿ ಕೆಲಸ ಮಾಡುವುದು ಹಳಬರ ಕ್ರಮ. ಎರಡೂ ಕೈ ತಗುಲಿದರೆ ಕರೆಂಟು ಎದೆ ಹಾದೇ ಹೋಗುತ್ತದೆ. ಬಲಗೈಯಲ್ಲಿದ್ದ ಮೀಟರಿನ ಕಡ್ಡಿ ಖಾಲಿ ಸಾಕೆಟ್ಟಿನ ಗ್ರಿಡ್ ಪಿನ್ನಿಗೆ ತಾಗಿತು. ಸೊನ್ನೆ ಇರಬೇಕಾದಲ್ಲಿ 14 ವೋಲ್ಟ್.

ಅಪರಾಧಿ ಅಲ್ಲೇ ಪಕ್ಕದಲ್ಲಿತ್ತು: ಮೇಣ ಬಳಿದ ಕಾಗದದ ಸುರುಳಿಯ ಸಣ್ಣ ಕಂಡೆನ್ಸರ್. ಹಿಂದಿನ ಹಂತದಿಂದ ಹಾಡನ್ನು ಮಾತ್ರ ಬಿಟ್ಟು ಡಿಸಿಯನ್ನು ತಡೆಯುವುದು ಅದರ ಕೆಲಸ. ಕಾಗದ ತೇವ ಕುಡಿದು ಸೋರತೊಡಗಿದಾಗ ಗ್ರಿಡ್ಡಿನ ತೂಬು ತೆರೆದೇ ಉಳಿಯುತ್ತದೆ, ವಾಲ್ವ್ ಕಾದು ಕಾದು ಸಾಯುತ್ತದೆ. ಸತ್ತ ವಾಲ್ವನ್ನು ಕಿತ್ತವರು ಯಾರೋ, ಹೊಸದು ತರಲು ಹೋದವರು ಮರಳಲಿಲ್ಲ. ಬಂದು ಹಾಕಿದ್ದರೂ ಅದಕ್ಕೂ ಅದೇ ಗತಿ. ಹತ್ತಿಪ್ಪತ್ತು ರೂಪಾಯಿಯ ಪಾಲಿಯೆಸ್ಟರ್ ಕಂಡೆನ್ಸರ್ ಬೆಸೆದ ಮೇಲೆ ಮೀಟರು ಸೊನ್ನೆಗೆ ಇಳಿಯಿತು. ಆಮೇಲಷ್ಟೇ ಹೊಸ ಇಎಲ್84 ಸಾಕೆಟ್ಟಿಗೆ ಬಂತು.

ನಾಬ್, ದಾರ, ರಟ್ಟು

ಇದೇ ಪ್ರಶ್ನೆ ಉಳಿದ ಖಾಲಿ ಜಾಗಗಳಿಗೂ. ನಾಬ್ ಇಲ್ಲದ ಕಡ್ಡಿಯ ಮೇಲೆ ಇಕ್ಕಳ ಕಚ್ಚಿದ ಗುರುತಿತ್ತು. ಗ್ರೀಸು ಗಟ್ಟಿಯಾಗಿ ಕಡ್ಡಿ ತಿರುಗದಿದ್ದಾಗ ಯಾರೋ ನಾಬನ್ನು ಹಿಂಡಿ ಹಿಂಡಿ ಸೀಳಿದ್ದಾರೆ, ಬಳಿಕ ಇಕ್ಕಳ ಹಿಡಿದಿದ್ದಾರೆ. ಹಾಗಾಗಿ ಮೊದಲು ಕಡ್ಡಿಯ ಬಿಗಿ ಬಿಡಿಸಬೇಕು. ನಂತರ ಉಳಿದ ನಾಬಿನಿಂದ ಸಿಲಿಕೋನ್ ರಬ್ಬರಿನ ಅಚ್ಚು ತೆಗೆದು, ಬಣ್ಣ ಬೆರೆಸಿದ ರೆಸಿನ್ ಸುರಿದು ಜೋಡಿಯನ್ನು ಎರಕ ಹೊಯ್ಯುತ್ತಾರೆ. ಎರಡೂ ನಾಬ್ ಕಳೆದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯೋ, ಭಾನುವಾರದ ಹಳೇ ಸಾಮಾನಿನ ಸಂತೆಯೋ ಗತಿ. ಅಲ್ಲಿ ಹಾಳಾದ ಇನ್ನೊಂದು ಸೆಟ್ ಕೊಂಡು ಅದರ ಅಂಗಾಂಗ ದಾನ ಪಡೆಯುವುದುಂಟು.

ಡಯಲ್ಲಿನ ದಾರದ್ದು ತಾಳ್ಮೆಯ ಕೆಲಸ. ಕೇಂದ್ರ ಆರಿಸುವ ಗ್ಯಾಂಗ್ ಕಂಡೆನ್ಸರಿನ ದೊಡ್ಡ ಗಾಲಿಯಿಂದ ಹೊರಟು, ಪುಟ್ಟ ರಾಟೆಗಳನ್ನು ಹಾದು, ಟ್ಯೂನಿಂಗ್ ಕಡ್ಡಿಗೆ ಎರಡು ಮೂರು ಸುತ್ತು ಬಂದು, ಮುಳ್ಳನ್ನು ಹೊತ್ತು, ಕೊನೆಗೆ ಸ್ಪ್ರಿಂಗಿಗೆ ಕಟ್ಟಿಕೊಳ್ಳಬೇಕು. ನಕ್ಷೆ ಸಿಗದಿದ್ದಾಗ ಯಜಮಾನರು ಭೂತಗನ್ನಡಿಯಲ್ಲಿ ರಾಟೆಗಳನ್ನೇ ನೋಡುತ್ತಾರೆ. ದಾರ ಉಜ್ಜಿದ ಗೆರೆ ಯಾವ ಕಡೆಗಿದೆಯೋ ದಾರಿ ಅದೇ. ಮೀನಿನ ಗಾಳದ ದಾರ ಗಟ್ಟಿ, ಆದರೆ ನುಣುಪು. ಕಡ್ಡಿ ತಿರುಗಿದರೂ ಮುಳ್ಳು ಕದಲದು. ಹೆಣೆದ ದಾರವೇ ಬೇಕು.

ಹಿಂಬದಿಯ ರಟ್ಟನ್ನು ತೆಗೆದಿಟ್ಟವರು, ರೇಡಿಯೊ ಗೊರಗೊರ ಎಂದಾಗೆಲ್ಲ ಒಳಗೆ ತಟ್ಟಲು ಅನುಕೂಲವಾಗಲಿ ಎಂದಿರಬೇಕು. ಆ ಬಾಗಿಲಿನಿಂದಲೇ ಇಲಿ ಒಳಹೊಕ್ಕಿತ್ತು. ಬಿಸಿ ಹೋಗಲು ತೂತು ಕೊರೆದ ಹಾರ್ಡ್‌ಬೋರ್ಡ್ ಕತ್ತರಿಸಿ ಹೊಸ ರಟ್ಟು ಮಾಡಿದರು. ಅದರ ಒಳಮೈಗೆ ಚೀಟಿ ಅಂಟಿಸಿ, ಏನೇನು ಬದಲಿಸಿದೆ ಎಂದು ತಾರೀಖಿನೊಂದಿಗೆ ಬರೆದರು. ಮುಂದೆ ಬಿಚ್ಚುವವರು ಇಷ್ಟೆಲ್ಲ ಊಹಿಸುವ ಕಷ್ಟ ಬೇಡವೆಂದು.

ಕೊನೆಯ ಖಾಲಿ ಜಾಗ

ಸ್ವಿಚ್ ಹಾಕಿದ ಕೂಡಲೇ ವಾಲ್ವ್ ರೇಡಿಯೊ ಮಾತಾಡುವುದಿಲ್ಲ. ತಂತಿ ಕಾಯಬೇಕು, ಅರ್ಧ ನಿಮಿಷ ಕೇಳುವವರೂ ಕಾಯಬೇಕು. ಹಿಂದೆ ಆ ಅರ್ಧ ನಿಮಿಷದಲ್ಲಿ ಮನೆಮಂದಿ ಬಂದು ಸುತ್ತ ಕೂರುತ್ತಿದ್ದರು. ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಮಾಡಿಸಿದ ರೇಡಿಯೊ ಅದು. ಗೋಡೆಯಿಂದ ಗೋಡೆಗೆ ಕಟ್ಟಿದ ತಾಮ್ರದ ಜಾಲರಿ ಏರಿಯಲ್ಲು ಅಂತಸ್ತಿನ ಗುರುತು. ಡಯಲ್ ಗಾಜಿನಲ್ಲಿ ಊರುಗಳ ಹೆಸರಿನ ಸಾಲು. ಸಿನಿಮಾ ಹಾಡಿಗೆ ಶಾರ್ಟ್ ವೇವ್‌ನಲ್ಲಿ ಸಿಲೋನು, ಸುದ್ದಿಗೆ ಮೀಡಿಯಂ ವೇವ್‌ನಲ್ಲಿ ಬೆಂಗಳೂರು ಅಥವಾ ಧಾರವಾಡ.

ಆ ಸಾಲಿನ ಬಹುಪಾಲು ಊರುಗಳು ಇಂದು ಮೌನ. ಟ್ರಾನ್ಸಿಸ್ಟರು, ಟೀವಿ, ಎಫ್‌ಎಂ, ಮೊಬೈಲು ಒಂದೊಂದಾಗಿ ಕೇಳುಗರನ್ನು ಕರೆದೊಯ್ದ ಮೇಲೆ ಶಾರ್ಟ್ ವೇವ್ ಕೇಂದ್ರಗಳು ಮುಚ್ಚುತ್ತ ಬಂದವು. ಈ ಬಿಡಿಭಾಗವನ್ನು ಯಾವ ಅಚ್ಚಿನಲ್ಲೂ ಎರಕ ಹೊಯ್ಯಲಾಗದು. ಹಿಂಬದಿಯಲ್ಲಿ ಗ್ರಾಮಫೋನಿಗೆಂದು ಕೊಟ್ಟಿದ್ದ ‘ಪಿಕಪ್’ ತೂತಿಗೆ ಮೊಬೈಲ್ ಜೋಡಿಸಿ ಹಳೇ ಹಾಡು ಕೇಳುವವರಿದ್ದಾರೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್‌ಗಳಲ್ಲಿ ಮಾತ್ರ ಅದು ಕೂಡದು.

ನಮ್ಮ ರೇಡಿಯೊ ಮೊದಲು ಬರೀ ಗೊರಗುಟ್ಟಿತು. ಯಜಮಾನರು ಮತ್ತೆ ‘ಯಾಕೆ?’ ಎಂದು ಕೇಳಿಕೊಂಡವರಂತೆ ಸುತ್ತ ನೋಡಿ, ಗೋಡೆಯ ಮೊಬೈಲ್ ಚಾರ್ಜರ್ ಕಿತ್ತರು, ಎಲ್‌ಇಡಿ ದೀಪ ಆರಿಸಿದರು. ಗೊರಗೊರ ತಗ್ಗಿತು. ಕತ್ತಲಲ್ಲಿ ಡಯಲ್ಲಿನ ಹಳದಿ ಬೆಳಕಷ್ಟೇ ಉಳಿಯಿತು. ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದ್ದು, ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆಲ್ಲ ಹಬ್ಬಿದ್ದು ಈ ಮೈಸೂರಿನಿಂದಲೇ. ಹೊಸ ದಾರ ಎಳೆದಂತೆ ಮುಳ್ಳು ನಿಧಾನ ಸರಿದು 490 ಮೀಟರಿನ ಆಸುಪಾಸಿನಲ್ಲಿ ನಿಂತಿತು. ಬೆಂಗಳೂರು.

“ಸ್ವಲ್ಪ ಹೊತ್ತು ಲೈಟ್ ಹಾಕ್ಬೇಡಿ” ಎಂದರು ಯಜಮಾನರು.