ಕೂಡುರಸ್ತೆಯ ತಿರುವು

ಬೆಂಗಳೂರಿನ ಸುದ್ದಗುಂಟೆಪಾಳ್ಯಕ್ಕೆ ಅನತಿದೂರದಲ್ಲಿ ಹೊಸೂರು ರಸ್ತೆಯೂ ಬನ್ನೇರುಘಟ್ಟ ರಸ್ತೆಯೂ ಸಂಧಿಸುತ್ತವೆ. ಇದೇ ಡೈರಿ ವೃತ್ತ. ಇಲ್ಲಿ ಮೇಲ್ಸೇತುವೆಯಿದ್ದರೂ ಅನೇಕ ವಾಹನಗಳು ನೆಲದ ಮೇಲೆಯೇ ತಿರುಗಬೇಕಾಗಿದೆ. ಹಲವು ಪಥಗಳುಳ್ಳ ಇಂಥ ಕೂಡುರಸ್ತೆಯಲ್ಲಿ ತಿರುವೆಂಬುದು ವೃತ್ತವನ್ನು ತಲುಪಿದ ಮೇಲೆ ಆರಂಭವಾಗುವುದಿಲ್ಲ. ಬಹಳ ಹಿಂದೆಯೇ ಆರಂಭವಾಗುತ್ತದೆ.

ಎಡಕ್ಕೆ ತಿರುಗುವವನು ಮೊದಲೇ ಎಡ ಪಥವನ್ನು ಹಿಡಿದು, ರಸ್ತೆಯ ಎಡ ಅಂಚಿಗೆ ಸಮೀಪವಾಗಿ ತಿರುಗಬೇಕು. ಬಲಕ್ಕೆ ತಿರುಗುವವನು ರಸ್ತೆಯ ಮಧ್ಯಕ್ಕೆ ಸರಿದು, ಸಂಜ್ಞೆ ತೋರಿ, ಹೊಸ ರಸ್ತೆಯ ಎಡ ಭಾಗವನ್ನು ಪ್ರವೇಶಿಸಬೇಕು. ಎರಡು ಸಾಲುಗಳು ಒಟ್ಟಿಗೆ ತಿರುಗುವಲ್ಲಿ ಒಳಸಾಲಿನವನು ಒಳಗೇ, ಹೊರಸಾಲಿನವನು ಹೊರಗೇ ಉಳಿಯತಕ್ಕದ್ದು. ವೃತ್ತದ ಸಮೀಪದಲ್ಲಿ ಅಖಂಡವಾದ ಬಿಳಿಗೆರೆಯಿದ್ದರೆ ಅಲ್ಲಿ ಪಥವನ್ನು ಬದಲಿಸಬಾರದು.

ನಮ್ಮ ದೇಶದಲ್ಲಿ ವಾಹನಗಳು ಎಡಬದಿಯಲ್ಲಿ ಚಲಿಸುವುದರಿಂದ ಬಲತಿರುವೇ ಕಠಿನ. ಎದುರಿನ ಪ್ರವಾಹವನ್ನು ಅಡ್ಡಹಾಯದೆ ಅದು ಸಾಧ್ಯವಿಲ್ಲ. ಬಲಬದಿಯ ಸಂಚಾರವಿರುವ ಅಮೆರಿಕದಲ್ಲಿ ಇದೇ ಕಷ್ಟ ಎಡತಿರುವಿಗೆ ಉಂಟು.

ಎಡತಿರುವು ಸುಲಭವೆಂಬ ಭಾವನೆಯಿಂದಲೇ ಒಂದು ತಪ್ಪು ನಂಬಿಕೆ ಬೆಳೆದಿದೆ. ಕೆಂಪು ದೀಪವಿದ್ದರೂ ಎಡಕ್ಕೆ ಸದಾ ಹೋಗಬಹುದೆಂದು ಹಲವರು ತಿಳಿದಿದ್ದಾರೆ. ಫಲಕವಾಗಲಿ ಹಸಿರು ಬಾಣವಾಗಲಿ ಅನುಮತಿ ನೀಡದಿದ್ದರೆ ನಿಲ್ಲಲೇಬೇಕು. ಅನುಮತಿ ಇದ್ದಾಗಲೂ ಪಟ್ಟೆಗಳ ಮೇಲೆ ದಾಟುತ್ತಿರುವ ಪಾದಚಾರಿಗೇ ಮೊದಲ ಹಕ್ಕು. ಹಿಂದಿನಿಂದ ಹಾರನ್ನು ಬಾರಿಸುವವರಿಗೆ ಇದು ರುಚಿಸದು, ಬಾರಿಸಿಕೊಳ್ಳಲಿ.

ಎಡತಿರುವಿನ ನಿಜವಾದ ಅಪಾಯ ಬಸ್ಸಿನ ಪಕ್ಕದಲ್ಲಿದೆ. ಬಸ್ಸಿನ ಮುಂದಿನ ಚಕ್ರಗಳು ಮಾತ್ರ ಹೊರಳುತ್ತವೆ. ಹಿಂದಿನವು ಅವುಗಳ ಜಾಡಿನಲ್ಲಿಯೇ ಬರದೆ ಒಳಮೂಲೆಯತ್ತ ಸರಿಯುತ್ತವೆ. ಬಸ್ಸು ಉದ್ದವಾದಷ್ಟೂ ಈ ಸರಿತ ಹೆಚ್ಚು. ಆದುದರಿಂದ ಚಾಲಕನು ಮೊದಲು ತುಸು ಬಲಕ್ಕೆ ಸರಿದು ಅನಂತರ ಎಡಕ್ಕೆ ಹೊರಳಿಸುತ್ತಾನೆ. ಆ ಕ್ಷಣದಲ್ಲಿ ಎಡಬದಿಯಲ್ಲಿ ತೆರವಾದ ಜಾಗವನ್ನು ಕಂಡು ಸ್ಕೂಟರಿನವನು ದಾರಿ ದೊರೆಯಿತೆಂದು ನುಗ್ಗುತ್ತಾನೆ. ಬಸ್ಸು ತಿರುಗಿದಂತೆಲ್ಲ ಆ ಜಾಗ ಕಿರಿದಾಗುತ್ತದೆ. ಒಂದು ಕಡೆ ಕಾಲುದಾರಿಯ ಕಲ್ಲಂಚು, ಮತ್ತೊಂದು ಕಡೆ ಹಿಂದಿನ ಚಕ್ರ, ಹೊರಬರಲು ದಾರಿಯಿಲ್ಲ. ಪಕ್ಕಕ್ಕೆ ತೀರ ಹತ್ತಿರವಿರುವವನು ಚಾಲಕನ ಕನ್ನಡಿಯಲ್ಲಿ ಕಾಣದೆಯೂ ಇರಬಹುದು. ಎಡದೀಪ ಮಿನುಗುತ್ತಿರುವ ಬಸ್ಸಿನ ಹಿಂದೆಯೇ ನಿಂತವನು ಕಳೆದುಕೊಳ್ಳುವುದು ಕೆಲವೇ ಕ್ಷಣಗಳನ್ನು.

ಪಥ ತಪ್ಪಿದವನು ಕೊನೆಯ ಗಳಿಗೆಯಲ್ಲಿ ಅಡ್ಡ ನುಗ್ಗದೆ ತನ್ನ ಪಥದಲ್ಲಿಯೇ ಮುಂದುವರಿದು, ಅನುಮತಿಯುಳ್ಳ ಮುಂದಿನ ಸ್ಥಳದಲ್ಲಿ ತಿರುಗಿ ಬರಬೇಕು. ಸೈಕಲ್ಲಿನಲ್ಲಿ ಶಾಲೆಗೆ ಬರುವ ನಿಮಗೆ ಇನ್ನೊಂದು ಉಪಾಯವೂ ಇದೆ. ಬಲತಿರುವು ಕಠಿನವೆನಿಸಿದಲ್ಲಿ ಎಡ ಅಂಚಿನಲ್ಲಿ ಇಳಿದು, ಸೈಕಲ್ಲನ್ನು ತಳ್ಳಿಕೊಂಡು, ಪಾದಚಾರಿಗಳ ದೀಪ ಹಸಿರಾದಾಗ ಪಟ್ಟೆಗಳ ಮೇಲೆ ದಾಟಿಕೊಳ್ಳಬಹುದು.