ಸಾವಿರ ಸಿಸಿಯೋ, ಹನ್ನೆರಡು ನೂರೋ?

ನವಲಗುಂದದವರಾಗಲಿ ಕುಂದಗೋಳದವರಾಗಲಿ, ಕಾರು ಕೊಳ್ಳಲು ಹುಬ್ಬಳ್ಳಿಗೆ ಹೋದಾಗ ಮೊದಲು ಕೇಳುವುದು ‘ಆ್ಯವರೇಜ್ ಎಷ್ಟ ಕೊಡ್ತದರೀ?’ ಎಂದೇ. ದೊಡ್ಡ ಎಂಜಿನ್ ಪೆಟ್ರೋಲ್ ಕುಡಿಯುತ್ತದೆಂಬ ಅಂಜಿಕೆಗೆ ಸಣ್ಣದನ್ನು ಒಪ್ಪಿಕೊಂಡು ಬರುವವರೇ ಹೆಚ್ಚು. ಲೆಕ್ಕ ಹಾಕಿದರೆ ಆ ಅಂಜಿಕೆ ಅಷ್ಟು ಗಟ್ಟಿಯಲ್ಲ.

ವ್ಯಾಗನ್‌ಆರ್ ಕಾರನ್ನೇ ನೋಡಿ. ಅದರಲ್ಲಿ 998 ಸಿಸಿ, 1197 ಸಿಸಿ ಎಂದು ಎರಡು ಪೆಟ್ರೋಲ್ ಎಂಜಿನ್‌ಗಳಿವೆ. ಒಂದಕ್ಕೆ ಸುಮಾರು 67 ಅಶ್ವಶಕ್ತಿ, ಇನ್ನೊಂದಕ್ಕೆ 90. ಮ್ಯಾನ್ಯುಯಲ್ ಗೇರಿನವುಗಳಿಗೆ ಕಂಪನಿ ಕೊಟ್ಟ ಮೈಲೇಜು ಲೀಟರಿಗೆ 24.35 ಮತ್ತು 23.56 ಕಿ.ಮೀ. ವರ್ಷಕ್ಕೆ 12,000 ಕಿ.ಮೀ. ಓಡಿಸಿದರೂ ವ್ಯತ್ಯಾಸ ಹದಿನಾರು-ಹದಿನೇಳು ಲೀಟರ್, ಅಂದರೆ 1,700 ರೂಪಾಯಿಯ ಆಸುಪಾಸು. ತೆರಿಗೆಯೂ ಒಂದೇ: 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಮೀರದ, 1200 ಸಿಸಿ ದಾಟದ ಪೆಟ್ರೋಲ್ ಕಾರಿಗೆ ಶೇ 18 ಜಿಎಸ್‌ಟಿ. ಎಂಜಿನ್ 1197ಕ್ಕೇ ನಿಂತಿರುವುದರ ಗುಟ್ಟು ಈ ಗೆರೆ.

ಸಣ್ಣ ಎಂಜಿನ್ ಪೆಟ್ರೋಲ್ ಉಳಿಸುವುದಾದರೂ ಹೇಗೆ? ಪೆಟ್ರೋಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಹಿಡಿತದಲ್ಲಿಡುವುದು ಒಳಹೋಗುವ ಗಾಳಿಯನ್ನು. ಹಗುರಾಗಿ ಓಡುವಾಗ ಗಾಳಿಯ ಬಾಗಿಲು ಅರೆಮುಚ್ಚಿರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಉಸಿರೆಳೆದಂತೆ ಎಂಜಿನ್ ಒದ್ದಾಡುತ್ತದೆ. ಎಂಜಿನ್ ದೊಡ್ಡದಾದಷ್ಟೂ ಬಾಗಿಲು ಇನ್ನಷ್ಟು ಮುಚ್ಚಬೇಕು, ಶಕ್ತಿ ಇನ್ನಷ್ಟು ಪೋಲು. ಆದರೆ ಐದು ಜನ, ಡಿಕ್ಕಿಯಲ್ಲಿ ಜೋಳದ ಚೀಲ, ಮೇಲೆ ಎಸಿ ಎಂದರೆ ಸಣ್ಣ ಎಂಜಿನ್ ಕೆಳಗಿನ ಗೇರಿನಲ್ಲೇ ಕಿರುಚುತ್ತ ಹೋಗಬೇಕಾಗುತ್ತದೆ, ಉಳಿತಾಯವೂ ಕರಗುತ್ತದೆ.

ರಾಷ್ಟ್ರೀಯ ಹೆದ್ದಾರಿ 52 ಹುಬ್ಬಳ್ಳಿಯ ಆಚೀಚಿನ ನೆಲದ ಎರಡು ಮುಖಗಳನ್ನೂ ತೋರಿಸುತ್ತದೆ. ನವಲಗುಂದದ ಕಡೆ ಹಲಗೆಯಂಥ ಎರೆ ಬಯಲು. ಕಲಘಟಗಿ ದಾಟಿದರೆ ಯಲ್ಲಾಪುರದ ಕಾಡು, ಆಮೇಲೆ ಅರಬೈಲ್ ಘಟ್ಟ. ತುಂಬಿದ ಕಾರಿನ ತೂಕ 1,200 ಕೆ.ಜಿ. ಎಂದಿಟ್ಟುಕೊಳ್ಳಿ. ಬಯಲಿನಲ್ಲಿ ಗಂಟೆಗೆ 80 ಕಿ.ಮೀ. ವೇಗ ಕಾಯ್ದುಕೊಳ್ಳಲು ಹನ್ನೊಂದು-ಹನ್ನೆರಡು ಅಶ್ವಶಕ್ತಿ ಸಾಕು. ಇಪ್ಪತ್ತು ಅಡಿಗೆ ಒಂದಡಿ ಏರುವ ದಾರಿಯಲ್ಲಿ 60ರ ವೇಗಕ್ಕೆ ಇಪ್ಪತ್ತರಷ್ಟು. ಹಾಗಾದರೆ 67 ಧಾರಾಳವಾಯಿತಲ್ಲ?

ಮುಂದೆ ಮೆಣಸಿನಕಾಯಿ ಚೀಲ ಹೇರಿದ ಲಾರಿ ಸಿಗುವವರೆಗೆ ಧಾರಾಳವೇ. ಬಯಲಿನಲ್ಲೇ ಅದನ್ನು ಹಿಂದೆ ಹಾಕಲು 60ರಿಂದ 90ಕ್ಕೆ ಏರಬೇಕು. ಗೇರಿನಲ್ಲಿ ಸೋರುವುದನ್ನೂ ಗಾಳಿಯ ತಡೆಯನ್ನೂ ಕಳೆದು ಅಂದಾಜಿಸಿದರೆ ಸಣ್ಣ ಎಂಜಿನ್‌ಗೆ ಎಂಟು ಸೆಕೆಂಡು ಬೇಕು, ದೊಡ್ಡದಕ್ಕೆ ಐದೂವರೆ. ಆ ಎರಡೂವರೆ ಸೆಕೆಂಡಿನಲ್ಲಿ ಕಾರು ಎದುರು ಬರುವವರ ಪಾಲಿನ ರಸ್ತೆಯಲ್ಲಿ ಸುಮಾರು ಐವತ್ತು ಮೀಟರ್ ಹೆಚ್ಚಿಗೆ ಓಡಿರುತ್ತದೆ. ಎದುರಿನ ಬಸ್ಸೂ ಸುಮ್ಮನೆ ನಿಂತಿರುವುದಿಲ್ಲ. ನನ್ನ ಮಟ್ಟಿಗೆ ದೊಡ್ಡ ಎಂಜಿನ್‌ಗೆ ಹಣ ಕೊಡುವ ಕಾರಣ ಇದೊಂದೇ. ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಇಬ್ಬರೇ ಓಡಾಡುವ ಮನೆಗೆ ಸಾವಿರ ಸಿಸಿ ಸಾಕು.

ಇನ್ನೊಂದು ಮಾತು. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಮೇಲಿದೆ. ಗಾಳಿ ಅಷ್ಟರಮಟ್ಟಿಗೆ ತೆಳು. ಟರ್ಬೊ ಇಲ್ಲದ ಎಂಜಿನ್ ಆರೇಳು ಪರ್ಸೆಂಟ್ ಶಕ್ತಿಯನ್ನು ಇಲ್ಲೇ ಕಳೆದುಕೊಳ್ಳುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊಗೆ ಈ ಕಾಟ ಕಡಿಮೆ. ಸಾವಿರ ಸಿಸಿಯಲ್ಲೇ ನೂರು ಅಶ್ವಶಕ್ತಿ ಕೊಡುವ ಕಾರುಗಳೂ ಇವೆ. ಬರೀ ಸಿಸಿ ನೋಡಿ ನಿರ್ಧರಿಸುವಂತಿಲ್ಲ. ಟೆಸ್ಟ್ ಡ್ರೈವ್‌ಗೆ ಹೋಗುವಾಗ ಮನೆಮಂದಿಯನ್ನೆಲ್ಲ ಕೂರಿಸಿ, ಎಸಿ ಹಾಕಿ, ಏರು ಇರುವ ರಸ್ತೆಗೇ ಒಯ್ಯಿರಿ.

ಮಳೆ ಬಿದ್ದ ಎರೆ ಹೊಲದ ದಾರಿಯಲ್ಲಿ ಮಾತ್ರ ಎರಡೂ ಎಂಜಿನ್‌ಗಳದ್ದು ಒಂದೇ ಗತಿ. ಅಲ್ಲಿ ಕೊರತೆ ಶಕ್ತಿಯದ್ದಲ್ಲ, ಟೈರಿನ ಹಿಡಿತದ್ದು. ಹೆಚ್ಚು ಶಕ್ತಿ ಕೊಟ್ಟಷ್ಟೂ ಗಾಲಿ ನಿಂತಲ್ಲೇ ತಿರುಗಿ ಇನ್ನಷ್ಟು ಹೂತುಹೋಗುತ್ತದೆ. ಎಳೆದು ಹಾಕಲು ಪಕ್ಕದ ಹೊಲದವರ ಟ್ರ್ಯಾಕ್ಟರೇ ಬರಬೇಕು.