ಹಾರ್ಮೋನು ಚಿಕಿತ್ಸೆಯೂ ಕಾಮಪ್ರವೃತ್ತಿಯೂ

ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿಗಳ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಜೋಗಪ್ಪರು ಅಪರಿಚಿತರಲ್ಲ. ತಲೆಯ ಮೇಲೆ ದೇವಿಯ ಕೊಡ ಹೊತ್ತು, ಚೌಡಿಕೆಯ ನಾದಕ್ಕೆ ಹೆಜ್ಜೆ ಹಾಕುವ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಈ ಜನರನ್ನು ನಮ್ಮ ಹಿರಿಯರು ಎಲ್ಲಮ್ಮನ ಮಕ್ಕಳೆಂದೇ ಬಗೆದರು. ಹುಲಿಗಿಯ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಕಾಳವ್ವ ಜೋಗತಿಯವರಲ್ಲಿ ನೃತ್ಯ ಕಲಿತ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದೂ, 2021ರಲ್ಲಿ ಪದ್ಮಶ್ರೀ ಪಡೆದದ್ದೂ ಸರ್ವವಿದಿತ. ಅವರ ಕಲೆಯನ್ನು ಕುರಿತು ಈಗ ಸಭೆಗಳಲ್ಲಿ ಧಾರಾಳವಾಗಿ ಮಾತನಾಡುತ್ತೇವೆ. ಅಂಥವರ ದೇಹವನ್ನೂ ಬಯಕೆಯನ್ನೂ ಕುರಿತು ಮಾತು ಬಂದೊಡನೆ ಮೌನ ತಾಳುತ್ತೇವೆ. ಇಲ್ಲವೇ ಕುಹಕಕ್ಕೆ ಇಳಿಯುತ್ತೇವೆ. ಪ್ರಕೃತ ಲೇಖನದಲ್ಲಿ ಈ ಎರಡನ್ನೂ ಬಿಟ್ಟು, ಶಾಸ್ತ್ರವು ಹೇಳುವುದನ್ನಷ್ಟು ನೋಡೋಣ.

ಜೋಗಪ್ಪರ ಹಿರಿಯರಲ್ಲಿ ಅನೇಕರು, ದೇವಿ ಕೊಟ್ಟ ಮೈಯನ್ನು ಕತ್ತರಿಸಬಾರದು, ಮಾರ್ಪಡಿಸಬಾರದು ಎಂದು ನಂಬಿದವರು. ಹಿಜಡಾ ಸಂಪ್ರದಾಯದ 'ನಿರ್ವಾಣ'ದ ಪದ್ಧತಿ ಇವರದಲ್ಲ. ಸೀರೆ, ಮುತ್ತು, ಹೆಸರು ಇಷ್ಟೇ ಅವರ ಹೆಣ್ತನಕ್ಕೆ ಸಾಕಾಗಿತ್ತು. ಬೆಂಗಳೂರಿನಂತಹ ನಗರಗಳ ಸಂಪರ್ಕಕ್ಕೆ ಬಂದ ಕಿರಿಯರಲ್ಲಿ ಕೆಲವರಾದರೋ ಹಾರ್ಮೋನು ಚಿಕಿತ್ಸೆಯತ್ತ ಒಲಿದಿದ್ದಾರೆ. ಹೀಗೆ ಒಂದೇ ಸೀಮೆಯಲ್ಲಿ ಚಿಕಿತ್ಸೆ ಪಡೆಯದವರೂ ಪಡೆದವರೂ ಇರುವುದರಿಂದ, ಬಯಕೆಯಲ್ಲಿ ಹಾರ್ಮೋನಿನ ಪಾಲೆಷ್ಟು ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುವುದು.

ವೃಷಣಗಳಲ್ಲಿ ಹುಟ್ಟುವ ಟೆಸ್ಟೋಸ್ಟೆರೋನನ್ನು 1935ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಲಾಯಿತು. ಲೈಂಗಿಕ ಹಾರ್ಮೋನುಗಳ ಸಂಶೋಧನೆಗಾಗಿ ಬ್ಯುಟೆನಾಂಟ್ ಅವರಿಗೆ 1939ರ ನೊಬೆಲ್ ಪಾರಿತೋಷಕ ಸಂದಿತು. ಅಂದಿನಿಂದ ಜನಸಾಮಾನ್ಯರಲ್ಲಿ ಒಂದು ಭ್ರಮೆ ಬೇರೂರಿದೆ: ಹಾರ್ಮೋನು ಹೆಚ್ಚಾದರೆ ಕಾಮ ಹೆಚ್ಚು, ಕಡಿಮೆಯಾದರೆ ಕಾಮ ಕಡಿಮೆ ಎಂದು. ಹೀಗೆ ಭಾವಿಸುವುದು ಯುಕ್ತವಲ್ಲ. ಬಯಕೆ, ಆ ಬಯಕೆಗೆ ಅಂಗಗಳು ಓಗೊಡುವ ರೀತಿ, ಯಾರತ್ತ ಮನಸ್ಸು ಸೆಳೆಯುವುದೆಂಬುದು, ಇವು ಮೂರೂ ಬೇರೆ ಬೇರೆ. ಚಿಕಿತ್ಸೆಯು ಈ ಮೂರನ್ನೂ ಒಂದೇ ರೀತಿಯಾಗಿ ಮುಟ್ಟುವುದಿಲ್ಲ.

ಹೆಣ್ಣಾಗಿ ಬಾಳಬಯಸುವವರಿಗೆ ಈಸ್ಟ್ರಡೈಯಾಲನ್ನೂ, ಸಾಮಾನ್ಯವಾಗಿ ಅದರೊಡನೆ ಟೆಸ್ಟೋಸ್ಟೆರೋನನ್ನು ತಡೆಯುವ ಔಷಧವನ್ನೂ ಕೊಡುವರು. ಮೊದಲ ಒಂದರಿಂದ ಮೂರು ತಿಂಗಳಲ್ಲಿಯೇ ಬಯಕೆ ತಗ್ಗುವುದು. ಬೆಳಗಿನ ಹೊತ್ತು ತಾನಾಗಿ ಬರುವ ಉದ್ರೇಕ ವಿರಳವಾಗುವುದು. ಸ್ತನಗಳ ಬೆಳವಣಿಗೆ ಮೂರರಿಂದ ಆರು ತಿಂಗಳಿಗೆ ತೊಡಗಿ, ಪೂರ್ಣವಾಗಲು ಎರಡು ಮೂರು ವರ್ಷ ಬೇಕು. ಎಂದರೆ, ಹಳೆಯದು ಬೇಗ ಹೋಗುತ್ತದೆ, ಹೊಸದು ನಿಧಾನವಾಗಿ ಬರುತ್ತದೆ. ಈ ನಡುವಣ ಕಾಲವೇ ಕಠಿನ. ಇದನ್ನು ಮುಂಚೆಯೇ ತಿಳಿಯದವರು, ತಮ್ಮಲ್ಲಿ ಏನೋ ಶಾಶ್ವತವಾಗಿ ಸತ್ತುಹೋಯಿತೆಂದು ಬೆದರಿ ಔಷಧ ಬಿಡಬಹುದು; ಇಲ್ಲವೇ ಬದಲಾವಣೆ ಸಾಲದೆಂದು ಪ್ರಮಾಣವನ್ನು ತಾವೇ ಏರಿಸಬಹುದು.

ಆದರೆ ಸತ್ತುಹೋಗುವುದಿಲ್ಲ. ಗೆಂಟ್, ಆಮ್‌ಸ್ಟರ್‌ಡ್ಯಾಂ ಮುಂತಾದ ಯೂರೋಪಿನ ನಗರಗಳ ಚಿಕಿತ್ಸಾಲಯಗಳು ಕೂಡಿ ನಡೆಸಿದ ದೀರ್ಘಾವಧಿಯ ಅಧ್ಯಯನವೊಂದರ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಅದರಂತೆ ಮೊದಲ ಮೂರು ತಿಂಗಳು ಇಳಿದ ಬಯಕೆಯು ಮೂರು ವರ್ಷ ತುಂಬುವ ವೇಳೆಗೆ ಚಿಕಿತ್ಸೆಗೆ ಮುಂಚಿನ ಮಟ್ಟಕ್ಕೆ ಮರಳಿತ್ತು. ಜೊತೆಗಾರರೊಡನೆ ಕೂಡುವ ಬಯಕೆಯಂತೂ ಅದಕ್ಕಿಂತ ತುಸು ಮೇಲಕ್ಕೇ ಹೋಗಿತ್ತು. ಗಂಡಾಗಿ ಬಾಳಬಯಸುವವರಲ್ಲಿ ಇದಕ್ಕೆ ವಿಪರ್ಯಯ: ಟೆಸ್ಟೋಸ್ಟೆರೋನ್ ತೊಡಗಿದ ಆರಂಭದಲ್ಲಿ ಏರಿದ ಬಯಕೆ ಕಾಲಕ್ರಮದಲ್ಲಿ ಮೊದಲಿನ ಮಟ್ಟಕ್ಕೇ ಇಳಿದಿತ್ತು. ಔಷಧ ಮುಂದುವರಿದಿದ್ದರೂ ಬಯಕೆ ತನ್ನ ನೆಲೆಗೆ ಮರಳಿದ್ದು ಗಮನಾರ್ಹ. ತನ್ನದಲ್ಲವೆಂದು ತೋರುತ್ತಿದ್ದ ಮೈಯು ತನ್ನದಾಗುತ್ತ ಬಂದಾಗ, ಮುಟ್ಟುವ ಅಂಜಿಕೆ ಕಳೆಯುವುದೂ ಇದಕ್ಕೆ ಒಂದು ಕಾರಣವಿರಬೇಕೆಂದು ನಾವು ಊಹಿಸುತ್ತೇವೆ.

ಈ ಎರಡನೆಯ ವರ್ಗದವರಲ್ಲಿ ಮುಟ್ಟು ಸಾಮಾನ್ಯವಾಗಿ ಆರು ತಿಂಗಳೊಳಗೆ ನಿಲ್ಲುವುದು, ಚಂದ್ರನಾಡಿ ಬೆಳೆಯುವುದು, ಯೋನಿಯ ಒಳಪದರ ತೆಳುವಾಗಿ ಒಣಗಿ ಕೂಟದಲ್ಲಿ ನೋವಾಗುವುದೂ ಉಂಟು. ಮುಟ್ಟು ನಿಂತಿತೆಂದ ಮಾತ್ರಕ್ಕೆ ಗರ್ಭ ನಿಲ್ಲದೆಂದು ತಿಳಿಯುವುದು ಅಪಾಯಕರವಾದ ತಪ್ಪು.

ಯಾರತ್ತ ಮನಸ್ಸು ಎಂಬ ಮೂರನೆಯ ವಿಷಯದಲ್ಲಿ ಕೆಲವರು ತಮ್ಮ ಒಲವು ಬದಲಾಯಿತೆನ್ನುತ್ತಾರೆ. ಬಹುಮಂದಿಯಲ್ಲಿ ಅದು ಇದ್ದಂತೆಯೇ ಇರುವುದು. ಬದಲಾದವರಲ್ಲಿಯೂ ಅದನ್ನು ಹಾರ್ಮೋನೇ ಮಾಡಿತೆನ್ನಲು ಆಧಾರ ಸಾಲದು. ಬಚ್ಚಿಟ್ಟದ್ದನ್ನು ಒಪ್ಪಿಕೊಳ್ಳುವ ಧೈರ್ಯ ಬಂದದ್ದೂ ಬದಲಾವಣೆಯಂತೆಯೇ ಕಾಣುವುದಷ್ಟೆ. ಮೈಯನ್ನು ಮುಟ್ಟದೆಯೇ ಹೆಣ್ಣಾಗಿ ಬಾಳಿ, ಒಲಿದು, ಮುನಿದು, ಮುಪ್ಪಾದ ನಮ್ಮ ಜೋಗಪ್ಪರನ್ನು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ.

ವೃಷಣಗಳನ್ನು ತೆಗೆಸಿಕೊಂಡು ಬಳಿಕ ಯಾವ ಹಾರ್ಮೋನನ್ನೂ ಪಡೆಯದವರ ಸ್ಥಿತಿ ಬೇರೆ. ಅವರಲ್ಲಿ ಬಯಕೆ ಕುಗ್ಗುವುದರ ಜೊತೆಗೆ ಮೈಯಲ್ಲಿ ಝಳ ಏಳುವುದು, ವರ್ಷಗಳು ಉರುಳಿದಂತೆ ಎಲುಬು ಸವೆಯುವುದು. ಇನ್ನು ವೈದ್ಯರ ಬಳಿ ಹೋಗಲು ನಾಚಿ, ಔಷಧದಂಗಡಿಯಿಂದ ಸಂತಾನನಿರೋಧದ ಗುಳಿಗೆಗಳನ್ನು ತಂದು ಲೆಕ್ಕವಿಲ್ಲದೆ ನುಂಗುವವರಿದ್ದಾರೆ. ಅಂಥ ಬಹಳಷ್ಟು ಗುಳಿಗೆಗಳಲ್ಲಿರುವ ಎಥಿನೈಲ್ ಈಸ್ಟ್ರಡೈಯಾಲ್ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿಸುವ ಭಯವಿರುವುದರಿಂದ, ಈ ಚಿಕಿತ್ಸೆಯಲ್ಲಿ ಅದನ್ನು ಬಳಸಬಾರದೆಂದು ತಜ್ಞರು ವಿಧಿಸಿದ್ದಾರೆ. ಹೊಗೆಸೊಪ್ಪಿನ ಚಟವೂ ಸೇರಿದರೆ ಅಪಾಯ ಹೆಚ್ಚುವುದು.

2019ರ ಕಾಯಿದೆಯು ಹಾರ್ಮೋನು ಚಿಕಿತ್ಸೆಯನ್ನೂ, ಅದರ ಹಿಂದುಮುಂದಿನ ಸಲಹೆಯನ್ನೂ ಸರಕಾರದ ಹೊಣೆಯಲ್ಲಿ ಸೇರಿಸಿತು. ಆದರೆ ಸಲಹೆಯೆಂದರೆ ರಕ್ತಪರೀಕ್ಷೆಯ ಅಂಕಿಗಳನ್ನು ಓದಿ ಹೇಳುವುದಷ್ಟೇ ಅಲ್ಲ. ಮೊದಲ ಮೂರು ತಿಂಗಳು ಹೇಗಿರುವುದು, ಮಕ್ಕಳು ಬೇಕೆಂಬ ಆಸೆಯಿದ್ದರೆ ಮುಂಚೆ ಏನು ಮಾಡಬೇಕು, ಉದ್ರೇಕ ಬೇಕೆನ್ನುವವರಿಗೆ ಪ್ರಮಾಣವನ್ನು ಹೇಗೆ ಹೊಂದಿಸಬಹುದು, ಇವನ್ನು ವೈದ್ಯನೇ ಮೊದಲು ಕೇಳಬೇಕು. ಕೇಳುವವರು ಬಾಯಿಬಿಟ್ಟರೆ ಹೇಳುವವರಿಗೂ ನಾಲಗೆ ಬರುವುದು.